ಮಕ್ಕಳ ಕಾಗುಣಿತ ಅಳೆಯಲು ಯಾವ ದಾರಿ? ಉಕ್ತಲೇಖನದಿಂದ ಸ್ವಂತ ಬರಹದವರೆಗೆ ಒಂದು ಹೋಲಿಕೆ

ಇಬ್ಬರು ಮಕ್ಕಳಿಗೆ ‘ವಿದ್ಯಾರ್ಥಿ’ ಎಂಬ ಪದ ಹೇಳಿ ಬರೆಸಿದಿರಿ ಎನ್ನಿ. ಒಬ್ಬಳು ‘ವಿದ್ಯಾರ್ತಿ’ ಎಂದು ಬರೆದಳು, ಇನ್ನೊಬ್ಬ ‘ವಿದಾತಿ’ ಎಂದು ಬರೆದ. ಸರಿಗೆ ಒಂದು, ತಪ್ಪಿಗೆ ಸೊನ್ನೆ ಎಂಬ ಲೆಕ್ಕದಲ್ಲಿ ಇಬ್ಬರದೂ ಒಂದೇ ಅಂಕ. ಆದರೆ ಹುಡುಗಿಗೆ ಯ ಒತ್ತು ಗೊತ್ತು, ದೀರ್ಘ ಗೊತ್ತು, ಅರ್ಕಾವತ್ತು ಎಲ್ಲಿ ಬರಬೇಕೆಂಬುದೂ ಗೊತ್ತು. ಒಂದು ಮಹಾಪ್ರಾಣ ಮಾತ್ರ ತಪ್ಪಿದೆ. ಹುಡುಗನಿಗೆ ಒತ್ತಕ್ಷರವೇ ಇನ್ನೂ ಕೈಗೆ ಹತ್ತಿಲ್ಲ. ನಾಳೆ ಇವರಿಬ್ಬರಿಗೂ ಒಂದೇ ಪಾಠ ಮಾಡಿದರೆ ಒಬ್ಬರ ಸಮಯವಂತೂ ದಂಡ.

ವಿಧಾನಗಳನ್ನು ತೂಗಿ ನೋಡುವಾಗ ನಾನು ಮೊದಲು ಕೇಳುವುದು ಇದನ್ನೇ: ಈ ಇಬ್ಬರ ನಡುವಿನ ಅಂತರ ಅದರಲ್ಲಿ ಕಾಣುತ್ತದೆಯೋ ಇಲ್ಲವೋ? ಕಾಣದಿದ್ದರೆ ಅಂಕಪಟ್ಟಿ ತುಂಬಲು ಅದು ಸಾಕು, ಪಾಠ ಮಾಡಲು ಸಾಲದು. ಇಲ್ಲಿನ ಹೋಲಿಕೆ ಮುಖ್ಯವಾಗಿ ಪ್ರಾಥಮಿಕ ತರಗತಿಗಳಲ್ಲಿ ಕನ್ನಡ ಬರೆಸುವ ಶಿಕ್ಷಕರಿಗಾಗಿ. ಮನೆಯಲ್ಲಿ ಕೂರಿಸಿಕೊಂಡು ಬರೆಸುವ ತಂದೆತಾಯಿಗೂ ಬಹುಪಾಲು ಹೊಂದುತ್ತದೆ.

ತಪ್ಪುಗಳೆಲ್ಲ ಒಂದೇ ಬಗೆಯವಲ್ಲ

ಕನ್ನಡ ಆಡಿದಂತೆ ಬರೆಯುವ ಭಾಷೆ ಎನ್ನುತ್ತೇವೆ. ಓದುವಾಗ ಈ ಮಾತು ಹೆಚ್ಚುಕಡಿಮೆ ಪೂರ್ತಿ ನಿಜ, ಬರೆಯುವಾಗ ಅರ್ಧ ನಿಜ. ಯಾವ ಅರ್ಧ ಎಂಬುದು ತಿಳಿದರೆ ಮಗುವಿನ ತಪ್ಪು ಎಲ್ಲಿಂದ ಬಂತು ಎಂಬುದೂ ತಿಳಿಯುತ್ತದೆ. ಒಳ್ಳೆಯ ಅಳತೆ ಎಂದರೆ ಈ ಮೂಲಗಳನ್ನು ಬೇರ್ಪಡಿಸಿ ತೋರಿಸುವಂಥದ್ದು.

ಕೆಲವು ತಪ್ಪುಗಳು ಕಿವಿಯವು. ‘ಕಡು’ ಮತ್ತು ‘ಕಾಡು’, ‘ಕೊಡು’ ಮತ್ತು ‘ಕೋಡು’, ‘ಕತೆ’ ಮತ್ತು ‘ಕತ್ತೆ’ ಇವುಗಳ ಭೇದ ಮಾತಿನಲ್ಲಿ ಸ್ಪಷ್ಟವಾಗಿಯೇ ಇದೆ, ಮಗು ಹೇಳುವಾಗ ಸರಿಯಾಗಿಯೇ ಹೇಳುತ್ತದೆ. ಆ ಭೇದವನ್ನು ಬೇರೆಯಾಗಿ ಗಮನಿಸಿ ಚಿಹ್ನೆಗೆ ಜೋಡಿಸುವುದು ಇನ್ನೂ ಬಂದಿಲ್ಲ, ಅಷ್ಟೆ. ಹ್ರಸ್ವ–ದೀರ್ಘ, ಸಜಾತೀಯ ಒತ್ತು, ಅನುಸ್ವಾರ ಈ ಗುಂಪಿನವು. ನಿಧಾನವಾಗಿ ಹೇಳಿಸಿ, ಬಿಡಿಸಿ, ಕೇಳಿಸಿದರೆ ಇವು ಬೇಗ ದಾರಿಗೆ ಬರುತ್ತವೆ.

ಇನ್ನು ಕೆಲವು ಮನೆಮಾತಿನವು. ಮನೆಯಲ್ಲಿ ಹಕಾರ ಉಚ್ಚರಿಸದ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ ಅದು ಆಡಿದಂತೆ ಬರೆಯುವ ನಿಯಮವನ್ನು ಅಕ್ಷರಶಃ ಪಾಲಿಸಿದೆ. ಲ–ಳ, ನ–ಣ, ಸ–ಶಗಳ ಗೊಂದಲವೂ ಎಷ್ಟೋ ಸಲ ಇಲ್ಲಿಂದಲೇ ಬರುತ್ತದೆ. ‘ಎಲೆ’ ಎಂಬುದು ‘ಯೆಲೆ’ ಆಗುವುದೂ ಹೀಗೆಯೇ. ಗದರಿಕೆ ಜೋರಾದರೆ ಅದೇ ಮಗು ‘ಆನೆ’ಯನ್ನೂ ‘ಹಾನೆ’ ಎಂದು ಬರೆಯತೊಡಗುತ್ತದೆ. ತಿದ್ದುಪಡಿ ತಲೆಗೆ ಹೋಗಿದೆ, ಎಲ್ಲಿ ಬಳಸಬೇಕೆಂಬುದು ಹೋಗಿಲ್ಲ ಎಂಬುದಕ್ಕೆ ಇಂಥ ‘ಹಾನೆ’ಯೇ ಸಾಕ್ಷಿ. ತಪ್ಪಿನ ಪಟ್ಟಿ ಮಾಡುವಾಗ ಇದನ್ನೂ ಬರೆದಿಟ್ಟುಕೊಳ್ಳಬೇಕು.

ಮೂರನೆಯವು ಕಣ್ಣಿನ ನೆನಪಿಗೆ ಸೇರಿದವು. ವರ್ಣಮಾಲೆಯ 34 ವ್ಯಂಜನಗಳಲ್ಲಿ 10 ಮಹಾಪ್ರಾಣಗಳು. ದಿನದ ಮಾತಿನಲ್ಲಿ ಅವನ್ನು ಸ್ಪಷ್ಟವಾಗಿ ಉಚ್ಚರಿಸುವವರು ಕಡಿಮೆ. ಶ ಮತ್ತು ಷ ಕೇಳಲು ಹೆಚ್ಚುಕಡಿಮೆ ಒಂದೇ. ‘ಕೃಷಿ’ಯನ್ನು ‘ಕ್ರುಷಿ’ ಎಂದು ಓದಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಲ್ಲಿ ‘ಸರಿಯಾಗಿ ಕೇಳಿಸಿಕೊಂಡು ಬರೆ’ ಎಂದು ಹೇಳುವುದರಲ್ಲಿ ಅರ್ಥವೇ ಇಲ್ಲ. ಆ ಪದವನ್ನು ಮಗು ಓದಿನಲ್ಲಿ ಮತ್ತೆ ಮತ್ತೆ ಕಂಡಿರಬೇಕು. ಓದು ಕಡಿಮೆ ಇರುವ ಮಗುವಿನಲ್ಲಿ ಮಹಾಪ್ರಾಣದ ತಪ್ಪುಗಳು ರಾಶಿ ಬಿದ್ದಿದ್ದರೆ ಆಶ್ಚರ್ಯವೇನಿಲ್ಲ.

ಕೊನೆಯವು ಲಿಪಿಯ ಜೋಡಣೆಯವು. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ಪುಟ್ಟ ರೂಪದಂತೆಯೇ ಇರುತ್ತವೆ. ಆದರೆ ತ, ನ, ಮ, ಯ, ರ, ಲ ಒತ್ತುಗಳಿಗೂ ಅವುಗಳ ಅಕ್ಷರಕ್ಕೂ ಹೋಲಿಕೆ ಹುಡುಕಿದರೂ ಸಿಗದು, ತೀರ ಹೆಚ್ಚಾಗಿ ಬಳಕೆಯಾಗುವ ಒತ್ತುಗಳೂ ಇವೇ. ಅರ್ಕಾವತ್ತಿನದು ಇನ್ನೊಂದು ತೊಡಕು: ‘ಸೂರ್ಯ’ ಎನ್ನುವಾಗ ಬಾಯಲ್ಲಿ ರಕಾರ ಮೊದಲು ಬರುತ್ತದೆ, ಕೈಯಲ್ಲಿ ಯಕಾರ ಮೊದಲು ಬರುತ್ತದೆ. ಕೇಳಿದ ಕ್ರಮದಲ್ಲೇ ಬರೆಯಹೋದ ಮಗು ಅಲ್ಲಿ ಎಡವುತ್ತದೆ. ರಕಾರದ ಕೆಳಗೆ ಯ ಒತ್ತು ಕೊಟ್ಟು ಬರೆಯುವ ರೂಢಿಯೂ ಇದೆ. ಅದನ್ನು ತಪ್ಪೆಂದು ಗೀಟು ಹಾಕಬೇಡಿ.

ಈ ಒತ್ತಕ್ಷರಗಳ ಲೋಕವನ್ನು ಮಗು ಒಂದೇ ವರ್ಷದಲ್ಲಿ ದಾಟಿಬಿಡಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಕನ್ನಡ ಅಕ್ಷರ ಕಲಿಕೆಯ ವೇಗದ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಪೂರ್ತಿ ಅಕ್ಷರಸಮೂಹ ಮಕ್ಕಳ ಕೈವಶವಾಗುವುದು ಮೂರು–ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂದು ತೋರಿಸಿತು. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷ್‌ಗೆಂದು ಮಾಡಿದ ಹಂತಪಟ್ಟಿಗಳನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕಬಾರದು ಎನ್ನಲು ಇದೂ ಒಂದು ಕಾರಣ. ಅಲ್ಲಿ ಉಚ್ಚಾರವಿಲ್ಲದ ಅಕ್ಷರಗಳ ಕಾಟ, ಇಲ್ಲಿ ಜೋಡಣೆಗಳ ಸಂಖ್ಯೆಯ ಕಾಟ.

ಓದಿಕೊಂಡು ಬಂದ ಹತ್ತು ಪದ, ಮುಂಚೆ ತಿಳಿಸದ ಪದಪಟ್ಟಿ

ಎರಡಕ್ಕೂ ಉಕ್ತಲೇಖನ ಎಂದೇ ಹೆಸರು, ಆದರೆ ಅಳೆಯುವುದು ಬೇರೆಬೇರೆ. ಸೋಮವಾರ ಕೊಟ್ಟ ಹತ್ತು ಪದವನ್ನು ಶನಿವಾರ ಬರೆಸಿದರೆ ಸಿಗುವುದು ಹೆಚ್ಚಾಗಿ ಶುಕ್ರವಾರ ರಾತ್ರಿಯ ಬಾಯಿಪಾಠದ ಅಳತೆ. ಮನೆಯಲ್ಲಿ ಯಾರಾದರೂ ಕೂತು ಓದಿಸುತ್ತಾರೋ ಇಲ್ಲವೋ ಎಂಬುದೂ ಅಂಕದಲ್ಲಿ ಸೇರಿಬಿಡುತ್ತದೆ. ಹತ್ತಕ್ಕೆ ಹತ್ತು ಪಡೆದ ಮಗು ಮುಂದಿನ ವಾರ ತನ್ನ ಪತ್ರದಲ್ಲಿ ಅದೇ ಪದವನ್ನು ತಪ್ಪಾಗಿ ಬರೆಯುವುದನ್ನು ಯಾವ ಶಿಕ್ಷಕರು ನೋಡಿಲ್ಲ?

ಹಾಗೆಂದು ವಾರದ ಪಟ್ಟಿ ದಂಡವೇ? ಕಲಿಕೆಗೆ ಅದು ಬೇಕು, ಅಳತೆಗೆ ಬೇಡ. ಕಲಿಕೆಯ ಸಾಧನವಾಗಿ ಬಳಸುವುದಾದರೆ ಮಗುವೇ ತನ್ನ ಹಾಳೆಯನ್ನು ತಿದ್ದಿಕೊಳ್ಳಲಿ. ಶಿಕ್ಷಕರ ಮಾರ್ಗದರ್ಶನದಲ್ಲಿ, ಬರೆದ ಕೂಡಲೇ, ತನ್ನ ತಪ್ಪನ್ನು ತಾನೇ ಪತ್ತೆಹಚ್ಚಿ ಸರಿಪಡಿಸಿಕೊಳ್ಳುವುದರಿಂದ ಆಗುವಷ್ಟು ಲಾಭ ಬೇರೆ ಅಭ್ಯಾಸಗಳಿಂದ ಆಗದು ಎಂಬುದನ್ನು ಥಾಮಸ್ ಹಾರ್ನ್ 1947ರಷ್ಟು ಹಿಂದೆಯೇ ತೋರಿಸಿದ್ದರು. ಕೆಂಪು ಶಾಯಿಯಲ್ಲಿ ನಾವು ತಿದ್ದಿ ಮೂರು ದಿನ ಬಿಟ್ಟು ವಾಪಸು ಕೊಟ್ಟ ಪುಸ್ತಕವನ್ನು ಮಗು ತೆರೆಯುವುದು ಅಂಕ ನೋಡಲಿಕ್ಕೆ ಮಾತ್ರ.

ಅಳತೆಗೆ ಬೇಕಾದದ್ದು ಮುಂಚೆ ತಿಳಿಸದ ಪಟ್ಟಿ, ಅದೂ ಯೋಚಿಸಿ ಮಾಡಿದ್ದು. ಪಾಠದಿಂದ ಕಣ್ಣುಮುಚ್ಚಿ ಹೆಕ್ಕಿದ ಇಪ್ಪತ್ತು ಪದಗಳಲ್ಲಿ ಹದಿನೈದು ಒಂದೇ ಬಗೆಯವಾಗಿರಬಹುದು. ಸುಲಭದಿಂದ ಕಷ್ಟಕ್ಕೆ ಏರುವ, ಪ್ರತಿ ತೊಡಕೂ ಒಂದಕ್ಕಿಂತ ಹೆಚ್ಚು ಕಡೆ ಬರುವ ಪಟ್ಟಿ ಬೇಕು. ಒಂದು ಮಾದರಿ:

ಮರ, ಕುರಿ, ನೀರು, ಹಾಲು, ಎಲೆ, ಬೇಲಿ, ಮೊಲ, ತೋಟ, ಬಳೆ, ಹಣ್ಣು, ಬೆಕ್ಕು, ಅಜ್ಜಿ, ಅಂಗಡಿ, ಪುಸ್ತಕ, ರಾತ್ರಿ, ಭೂಮಿ, ಮೇಘ, ಶಾಲೆ, ಔಷಧ, ಸೂರ್ಯ, ವರ್ಷ, ಕೃಷಿ, ವಿದ್ಯಾರ್ಥಿ, ಸ್ವಾತಂತ್ರ್ಯ.

ಇದರಲ್ಲಿ ದೀರ್ಘ, ಹಕಾರ, ಳ–ಣ, ಸಜಾತೀಯ ಒತ್ತು, ಅನುಸ್ವಾರ, ವಿಜಾತೀಯ ಒತ್ತು, ಮಹಾಪ್ರಾಣ, ಷಕಾರ, ಅರ್ಕಾವತ್ತು ಎಲ್ಲವೂ ಎರಡು ಅಥವಾ ಹೆಚ್ಚು ಸಲ ಬಂದಿವೆ. ವಟ್ರಸುಳಿ ಮಾತ್ರ ‘ಕೃಷಿ’ಯಲ್ಲಿ ಒಂದೇ ಸಲ, ಬೇಕೆನಿಸಿದರೆ ‘ಪ್ರಕೃತಿ’ಯನ್ನು ಸೇರಿಸಿಕೊಳ್ಳಿ. ಒಂದು–ಎರಡನೇ ತರಗತಿಗೆ ‘ಅಂಗಡಿ’ಯವರೆಗೆ ಸಾಕು. ಮೇಲಿನ ತರಗತಿಯ ಮಗುವಾದರೂ ಸಾಲಾಗಿ ಐದಾರು ಪದ ತಪ್ಪಿದರೆ ನಿಲ್ಲಿಸಿಬಿಡಿ. ಮುಂದಿನವು ಹೊಸದೇನನ್ನೂ ಹೇಳುವುದಿಲ್ಲ, ಮಗುವಿನ ಮುಖ ಬಾಡಿಸುತ್ತವೆ ಅಷ್ಟೆ.

ಪದ ಆರಿಸುವಾಗ ಒಂದು ಎಚ್ಚರ. ‘ಗಂಟೆ–ಘಂಟೆ’, ‘ಕತೆ–ಕಥೆ’ಗಳಂತೆ ಎರಡು ರೂಪ ಬಳಕೆಯಲ್ಲಿರುವ ಪದಗಳನ್ನು ಪಟ್ಟಿಗೆ ಸೇರಿಸಬೇಡಿ. ಯಾವುದು ಸರಿ ಎಂದು ಶಿಕ್ಷಕರ ಕೊಠಡಿಯಲ್ಲೇ ಜಗಳವಾಗುವ ಪದಕ್ಕೆ ಮಗುವಿನ ಅಂಕ ಕಳೆಯುವುದು ಯಾವ ನ್ಯಾಯ?

ಸರಿಯಾದ ರೂಪಕ್ಕೆ ಗುರುತು ಹಾಕುವ ಪ್ರಶ್ನೆಗಳು

ನಾಲ್ಕು ರೂಪ ಕೊಟ್ಟು ಸರಿಯಾದದ್ದಕ್ಕೆ ಗುರುತು ಹಾಕಿಸುವುದು, ಅಥವಾ ತಪ್ಪು ಪದಗಳ ಸಾಲು ಕೊಟ್ಟು ತಿದ್ದಿ ಬರೆಸುವುದು. ಐವತ್ತು ಮಕ್ಕಳ ಹಾಳೆಗಳನ್ನು ಅರ್ಧ ಗಂಟೆಯಲ್ಲಿ ತಿದ್ದಿ ಮುಗಿಸಬಹುದು, ಯಾರು ತಿದ್ದಿದರೂ ಅಂಕ ಅದೇ. ಇದರ ಗುಣಗಳು ಅಲ್ಲಿಗೆ ಮುಗಿದವು.

ಗುರುತಿಸುವುದು ಬೇರೆ, ನೆನಪಿಂದ ತೆಗೆದು ಬರೆಯುವುದು ಬೇರೆ. ‘ಔಷಧ’ ಕಣ್ಣೆದುರು ಇದ್ದರೆ ಅದೇ ಸರಿ ಎಂದು ಆರಿಸಬಲ್ಲ ಮಗು ಖಾಲಿ ಹಾಳೆಯ ಮೇಲೆ ‘ಔಶದ’ ಎಂದೇ ಬರೆದೀತು. ಊಹೆಗೆ ಸಿಗುವ ಅಂಕ ಬೇರೆ. ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವ ತೊಂದರೆ, ಮೂರು ತಪ್ಪು ರೂಪಗಳನ್ನು ಅಚ್ಚಿನಲ್ಲಿ ಮಗುವಿನ ಕಣ್ಣಿಗೆ ನಾವೇ ಬೀಳಿಸುತ್ತೇವೆ ಎಂಬುದು. ತಪ್ಪು ಕಾಗುಣಿತವನ್ನು ಓದಿದವರು ಆಮೇಲೆ ಆ ಪದಗಳನ್ನು ಬರೆಯುವಾಗ ಹೆಚ್ಚು ತಪ್ಪುತ್ತಾರೆ ಎಂಬುದನ್ನು ಲ್ಯಾರಿ ಜಾಕೋಬಿ ಮತ್ತು ಆನ್ ಹಾಲಿಂಗ್ಸ್‌ಹೆಡ್ 1990ರಲ್ಲಿ ಪ್ರಯೋಗದಿಂದ ತೋರಿಸಿದರು. ಅಲ್ಲಿ ಬರೆದವರು ಪುಟ್ಟ ಮಕ್ಕಳೂ ಅಲ್ಲ, ವಿಶ್ವವಿದ್ಯಾಲಯದವರು. ವರ್ಷಾನುಗಟ್ಟಲೆ ಮಕ್ಕಳ ಹಾಳೆ ತಿದ್ದಿದ ಮೇಷ್ಟರಿಗೆ ಒಮ್ಮೊಮ್ಮೆ ಸರಿ ರೂಪದ ಬಗ್ಗೆಯೇ ಅನುಮಾನ ಹುಟ್ಟುವುದಕ್ಕೂ ಇದೇ ಕಾರಣವಿರಬೇಕು. ಕಣ್ಣಿನ ನೆನಪಿನ ಮೇಲೆಯೇ ನಿಂತಿರುವ ಮಹಾಪ್ರಾಣ, ಷಕಾರಗಳಿಗೆ ಇಂಥ ಪ್ರಶ್ನೆ ಕೊಡುವುದಂತೂ ಬೇಡವೇ ಬೇಡ.

ತಿದ್ದಿ ಬರೆಸುವ ಅಭ್ಯಾಸ ಬೇಕೇ ಬೇಕೆಂದರೆ ಬೇರೆಯವರ ತಪ್ಪುಗಳು ಯಾಕೆ? ಮಗು ನಿನ್ನೆ ಬರೆದ ಹಾಳೆಯನ್ನೇ ಕೊಟ್ಟು ‘ಇದರಲ್ಲಿ ನಾಲ್ಕು ಪದ ಇನ್ನೊಮ್ಮೆ ನೋಡಬೇಕು’ ಎನ್ನಿ. ಯಾವ ನಾಲ್ಕು ಎಂದು ಹೇಳಬೇಡಿ. ತನ್ನ ತಪ್ಪನ್ನು ತಾನು ಕಾಣಬಲ್ಲ ಮಗು ಯಾವುದು, ಕಾಣದ ಮಗು ಯಾವುದು ಎಂಬುದು ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.

ವಾಕ್ಯ ಹೇಳಿ ಬರೆಸುವುದು

‘ಅಜ್ಜಿ ಭಾರವಾದ ಬುಟ್ಟಿ ಹೊತ್ತು ಹಾದಿ ಹಿಡಿದಳು.’ ಈ ಒಂದು ವಾಕ್ಯದಲ್ಲಿ ಮೂರು ಹಕಾರ, ಮೂರು ಸಜಾತೀಯ ಒತ್ತು, ಒಂದು ಮಹಾಪ್ರಾಣ, ಒಂದು ಳಕಾರ ಇವೆ. ಬಿಡಿ ಪದದಲ್ಲಿ ‘ಭಾರ’ ಎಂದರೆ ಮಗು ‘ಬಾರ’ ಎಂದೂ ಕೇಳಿಸಿಕೊಳ್ಳಬಹುದು. ವಾಕ್ಯದಲ್ಲಿ ಅರ್ಥ ಕೈಹಿಡಿಯುತ್ತದೆ. ಪದಗಳ ನಡುವೆ ಜಾಗ ಬಿಡುತ್ತದೆಯೇ, ಪೂರ್ಣವಿರಾಮ ಹಾಕುತ್ತದೆಯೇ, ವಿಭಕ್ತಿ ಸೇರಿದಾಗ ಮೂಲ ಪದ ಕಲಸಿಹೋಗುತ್ತದೆಯೇ ಎಂಬುದೂ ಕಾಣುತ್ತದೆ.

ತೊಂದರೆ ಇರುವುದು ನೆನಪಿನಲ್ಲಿ. ಏಳೆಂಟು ಪದದ ವಾಕ್ಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಬರೆಯುವುದು ಪುಟ್ಟವರಿಗೆ ಕಾಗುಣಿತಕ್ಕಿಂತ ಕಷ್ಟ. ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಕಾಗುಣಿತದ ಸೋಲೆಂದು ಎಣಿಸಬಾರದು. ಎರಡನೇ ತರಗತಿಗೆ ನಾಲ್ಕು ಪದದ ವಾಕ್ಯ, ಒಮ್ಮೆ ಪೂರ್ತಿ ಹೇಳಿ ಆಮೇಲೆ ಎರಡೆರಡು ಪದವಾಗಿ ಹೇಳುವುದು ಒಳ್ಳೆಯದು. ಮೂರನೆಯ ತರಗತಿಯಿಂದ ಮೇಲೆ, ಒಂದೇ ವಿಧಾನ ಆರಿಸಬೇಕೆಂಬ ಅನಿವಾರ್ಯ ಬಂದರೆ ನಾನು ಇದನ್ನೇ ಆರಿಸುತ್ತೇನೆ.

ಸ್ವಂತ ಬರಹ

ಕಾಗುಣಿತ ಕಲಿಸುವುದೇ ಸ್ವಂತವಾಗಿ ಬರೆಯಲಿ ಎಂದು. ಹಾಗಾಗಿ ಮಗು ತನ್ನ ಪಾಡಿಗೆ ಬರೆದ ಪುಟಕ್ಕಿಂತ ನಿಜವಾದ ಸಾಕ್ಷ್ಯ ಇನ್ನೊಂದಿಲ್ಲ. ಕಥೆಯ ಹರಿವು, ಮುಂದಿನ ವಾಕ್ಯ, ಕೈಬರಹ ಎಲ್ಲವೂ ಒಟ್ಟಿಗೆ ತಲೆಯಲ್ಲಿ ಓಡುತ್ತಿರುವಾಗ ಯಾವ ಕಾಗುಣಿತ ಉಳಿಯುತ್ತದೋ ಅದಷ್ಟೇ ಮಗುವಿನ ಸ್ವಂತದ್ದು.

ಆದರೆ ಈ ಸಾಕ್ಷ್ಯಕ್ಕೆ ಎರಡು ಸೀಳುಗಳಿವೆ. ಮೊದಲನೆಯದು, ಜಾಣ ಮಗು ಗೊತ್ತಿಲ್ಲದ ಪದವನ್ನು ತಪ್ಪಿಸಿಕೊಂಡು ಹೋಗುತ್ತದೆ. ‘ವಿಜ್ಞಾನಿ’ ಬರೆಯಲು ಅಂಜಿ ‘ತುಂಬ ಓದಿದವರು’ ಎಂದು ಬರೆದರೆ ಹಾಳೆಯಲ್ಲಿ ತಪ್ಪೇ ಕಾಣದು. ಕಾಗುಣಿತಕ್ಕೆ ಅಂಕ ಕಳೆಯುತ್ತೇವೆ ಎಂದು ಗೊತ್ತಾದ ತರಗತಿಯಲ್ಲಂತೂ ಎಲ್ಲರ ಬರಹವೂ ಸಣ್ಣ ಸಣ್ಣ ಪದಗಳಿಗೆ ಕುಗ್ಗುತ್ತದೆ. ಎರಡನೆಯದು ಉದ್ದ. ಇಪ್ಪತ್ತು ಪದ ಬರೆದು ಒಂದೂ ತಪ್ಪದ ಮಗುವಿಗಿಂತ ನೂರಿಪ್ಪತ್ತು ಪದ ಬರೆದು ಎಂಟು ತಪ್ಪಿದ ಮಗು ಹಿಂದಿದೆಯೇ? ಬರೀ ತಪ್ಪುಗಳನ್ನು ಎಣಿಸಿದರೆ ಹಾಗೆಯೇ ಕಾಣುತ್ತದೆ. ನೂರು ಪದಕ್ಕೆ ಎಷ್ಟು ತಪ್ಪು ಎಂದು ಲೆಕ್ಕ ಹಾಕಿ, ಒಟ್ಟು ಎಷ್ಟು ಪದ ಬರೆಯಿತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಒಂದೇ ಪದ ಆರು ಸಲ ತಪ್ಪಿದ್ದರೆ ಅದು ಒಂದೇ ತಪ್ಪು.

‘ಬರ್ತಾನೆ’, ‘ಹೋಗ್ಬೇಕು’, ‘ಮಾಡ್ಕೊಂಡು’ ಇವನ್ನು ಕಾಗುಣಿತದ ತಪ್ಪಿನ ಖಾತೆಗೆ ಹಾಕಬೇಡಿ. ಮಗು ಆಡುಮಾತಿನ ರೂಪವನ್ನು ಬರೆದಿದೆ. ‘ಬರ್ತಾನೆ’ ಎಂದು ಸರಿಯಾಗಿ ಬರೆಯಲು ಅರ್ಕಾವತ್ತಿನ ಮೇಲೆ ಹಿಡಿತ ಬೇಕು ನೋಡಿ. ಅಂದರೆ ಕಾಗುಣಿತ ಸರಿಯಿದೆ, ಬರಹದ ಭಾಷೆಯ ಪರಿಚಯ ಸಾಲದು. ಅದಕ್ಕೆ ಬೇರೆ ಪಾಠ ಇದೆ.

ಗಡಿಯಾರ ಇಟ್ಟುಕೊಂಡು, ಅದೇ ಅಳತೆಯಲ್ಲಿ, ವಾರವಾರವೂ

ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಡೆನೊ ಮತ್ತು ಸಂಗಡಿಗರು ಬೆಳೆಸಿದ ವಿಧಾನ ಇದು. ಎರಡೇ ನಿಮಿಷದ ಉಕ್ತಲೇಖನ. ಕೆಳ ತರಗತಿಗೆ 10 ಸೆಕೆಂಡಿಗೊಂದು ಪದ, ಮೇಲಿನ ತರಗತಿಗೆ 7 ಸೆಕೆಂಡಿಗೊಂದು ಪದ. ಪಟ್ಟಿ ಪ್ರತಿ ಸಲವೂ ಬೇರೆ, ಕಷ್ಟದ ಮಟ್ಟ ಒಂದೇ. ಇಡೀ ಪದಕ್ಕೆ ಅಂಕವಿಲ್ಲ. ಇಂಗ್ಲಿಷ್‌ನಲ್ಲಿ ಅಕ್ಕಪಕ್ಕದ ಅಕ್ಷರಜೋಡಿ ಎಷ್ಟು ಸರಿ ಎಂದು ಎಣಿಸುತ್ತಾರೆ. ಆ ಅಂಕಗಳನ್ನು ಗ್ರಾಫ್ ಹಾಳೆಯ ಮೇಲೆ ಹಾಕುತ್ತ ಹೋದರೆ ಮಗು ಏರುತ್ತಿದೆಯೋ ನಿಂತಿದೆಯೋ ಎಂಬುದು ಗೆರೆಯಲ್ಲೇ ಕಾಣುತ್ತದೆ.

ವಿಶೇಷ ಗಮನ ಬೇಕಾದ ನಾಲ್ಕೈದು ಮಕ್ಕಳಿಗೆ ಇದು ತುಂಬ ಉಪಯುಕ್ತ. ಹೊಸ ಬಗೆಯ ಪಾಠ ಶುರು ಮಾಡಿದ್ದು ಫಲ ಕೊಡುತ್ತಿದೆಯೇ ಎಂದು ತಿಳಿಯಲು ವರ್ಷದ ಕೊನೆಯವರೆಗೆ ಕಾಯಬೇಕಿಲ್ಲ. ಇಡೀ ತರಗತಿಗೆ ಮಾಡಹೋದರೆ ಶಿಕ್ಷಕರು ಎಣಿಕೆಯಲ್ಲೇ ಮುಳುಗುತ್ತಾರೆ. ಕೈ ನಿಧಾನವಿರುವ ಮಗುವಿಗೆ ಗಡಿಯಾರ ಮೋಸ ಮಾಡುತ್ತದೆ ಎಂಬುದನ್ನೂ ಮರೆಯಬಾರದು. ಅಂಥವರಿಗೆ ಸಮಯದ ಕಟ್ಟು ಬಿಟ್ಟು ಬರೆಸಿ.

ಬಾಯಲ್ಲಿ ಹೇಳಿಸುವುದು, ಸ್ಪರ್ಧೆ, ಮೊಬೈಲು

ಪದದ ಅಕ್ಷರಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಸುವ ಇಂಗ್ಲಿಷ್‌ನ ಸ್ಪೆಲಿಂಗ್ ಬೀ ಸ್ಪರ್ಧೆಯ ಮಾದರಿ ಕನ್ನಡಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ‘ಕ ಗುಡಿಸು ಕಿ, ಕ ಕೊಂಬು ಕು’ ಎಂದು ಚಿಹ್ನೆಯ ಹೆಸರು ಹೇಳಿಸುವುದು ಮೊದಲ ತರಗತಿಯಲ್ಲಿ ಚೆನ್ನಾದ ಅಭ್ಯಾಸ, ಉತ್ಸಾಹವೂ ಹುಟ್ಟುತ್ತದೆ. ಅಳತೆಯಾಗಿ ನೋಡಿದರೆ, ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಹೊರಬಿದ್ದ ಮಗುವಿನ ಬಗ್ಗೆ ನಮಗೆ ಗೊತ್ತಾಗುವುದು ಒಂದೇ ಒಂದು ಪದ. ಹೆಚ್ಚು ತಿಳಿಯಬೇಕಾಗಿದ್ದದ್ದು ಆ ಮಗುವಿನ ಬಗ್ಗೆಯೇ. ಮೊಬೈಲಿನಲ್ಲಿ ಬರೆಸಿದರೆ ಪದ ಸೂಚಿಸುವ ಸೌಲಭ್ಯವನ್ನು ನಿಲ್ಲಿಸಿರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂತದ್ದು ಮೊಬೈಲೇ. ನೋಡಿ ನಕಲು ಮಾಡಿಸುವುದರಲ್ಲಿ ಕೈಬರಹ ಕಾಣುತ್ತದೆ, ಕಾಗುಣಿತವಲ್ಲ.

ಅಂಕ ಹಾಕುವ ಬಗೆ, ವಿಧಾನಕ್ಕಿಂತ ದೊಡ್ಡ ಪ್ರಶ್ನೆ

ಯಾವ ದಾರಿ ಹಿಡಿದರೂ ಅಂಕ ಹಾಕುವ ಕ್ರಮ ಬದಲಾಗದಿದ್ದರೆ ಹೆಚ್ಚಿನ ಪ್ರಯೋಜನವಿಲ್ಲ. ಮೂರು ಕ್ರಮಗಳನ್ನು ಅದೇ ‘ವಿದ್ಯಾರ್ಥಿ’ಯ ಮೇಲೆ ಹೋಲಿಸೋಣ.

ಪದಕ್ಕೆ ಅಂಕ ಎಂದರೆ ಇಬ್ಬರಿಗೂ ಸೊನ್ನೆ. ಅಕ್ಷರಕ್ಕೆ ಅಂಕ ಎಂದರೆ ವಿ, ದ್ಯಾ, ರ್ಥಿ ಮೂರಕ್ಕೆ ಹುಡುಗಿಗೆ 2, ಹುಡುಗನಿಗೆ 1. ಅಂತರ ಕಾಣತೊಡಗಿತು. ಇನ್ನೂ ಬಿಡಿಸಿ ನೋಡಿ: ವಿ ಎಂದರೆ ವ ಮತ್ತು ಗುಡಿಸು, ದ್ಯಾ ಎಂದರೆ ದ, ಯ ಒತ್ತು, ದೀರ್ಘ, ರ್ಥಿ ಎಂದರೆ ಅರ್ಕಾವತ್ತು, ಥ, ಗುಡಿಸು. ಒಟ್ಟು 8 ಭಾಗ. ಹುಡುಗಿಗೆ 8ಕ್ಕೆ 7. ಹುಡುಗ ಯ ಒತ್ತು, ಅರ್ಕಾವತ್ತು, ಥ ಮೂರನ್ನೂ ತಪ್ಪಿದ್ದಾನೆ, ಆದರೂ 8ಕ್ಕೆ 5 ಇದೆ. ‘ಏನೂ ಬರುವುದಿಲ್ಲ’ ಎಂದು ನಾವು ಕೈಚೆಲ್ಲುವ ಮಗುವಿಗೆ ಅರ್ಧಕ್ಕಿಂತ ಹೆಚ್ಚು ಬರುತ್ತದೆ ಎಂಬುದು ಈ ಎಣಿಕೆಯಲ್ಲಿ ಮಾತ್ರ ಬೆಳಕಿಗೆ ಬರುತ್ತದೆ. ಮುಂದಿನ ತಿಂಗಳು 6 ಆದರೆ ಅದೂ ಕಾಣುತ್ತದೆ. ಪದಕ್ಕೆ ಅಂಕ ಹಾಕುವವರಿಗೆ ಆಗಲೂ ಸೊನ್ನೆಯೇ.

ಪ್ರತಿ ಪದವನ್ನೂ ಹೀಗೆ ಬಿಡಿಸುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ, ನಿಜ. ಅದಕ್ಕೆ ನಾನು ಸೂಚಿಸುವುದು ಒಂದು ಹಾಳೆಯ ಕೋಷ್ಟಕ. ಎಡಗಡೆ ಮಕ್ಕಳ ಹೆಸರು, ಮೇಲುಗಡೆ ಒಂಬತ್ತು ಕಲಂ: ದೀರ್ಘ, ಒತ್ತು, ಅನುಸ್ವಾರ, ಅ–ಹ, ಲ–ಳ ಮತ್ತು ನ–ಣ, ಮಹಾಪ್ರಾಣ, ಶ–ಷ–ಸ, ಅರ್ಕಾವತ್ತು, ವಟ್ರಸುಳಿ. ಹಾಳೆ ತಿದ್ದುವಾಗ ತಪ್ಪು ಕಂಡ ಕಲಂನಲ್ಲಿ ಒಂದು ಗೀಟು. ಇಡೀ ತರಗತಿಯ ಹಾಳೆಗಳು ಮುಗಿದಾಗ ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ನೋಡಿ. ಒಂದು ಕಲಂ ಪೂರ್ತಿ ಗೀಟುಗಳಿಂದ ತುಂಬಿದ್ದರೆ ಅದು ಮಕ್ಕಳ ಸಮಸ್ಯೆಯಲ್ಲ, ಆ ಪಾಠ ಮತ್ತೆ ಮಾಡಬೇಕು. ಒಂದು ಮಗುವಿನ ಸಾಲು ಮಾತ್ರ ತುಂಬಿದ್ದರೆ ಆ ಮಗುವಿನ ಪಕ್ಕ ಕೂರಬೇಕು. ಗೀಟುಗಳು ಅಲ್ಲಲ್ಲಿ ಚದುರಿದ್ದರೆ ಅವಸರ ಅಥವಾ ಅಜಾಗರೂಕತೆ ಇರಬಹುದು.

ಹೇಳುವವರ ಬಾಯಿ

ಉಕ್ತಲೇಖನವನ್ನು ಹಾಳುಮಾಡುವವರು ಮಕ್ಕಳಲ್ಲ, ನಾವು. ಅಮೆರಿಕದಲ್ಲಿ ಜೋಸೆಫ್ ಮೇಯರ್ ರೈಸ್ ಸುಮಾರು 33,000 ಮಕ್ಕಳಿಗೆ ಕಾಗುಣಿತ ಪರೀಕ್ಷೆ ನಡೆಸಿ 1897ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಕಾಲು ಗಂಟೆ ಮೀರಿ ಕಾಗುಣಿತ ತಿಕ್ಕಿಸಿದರೆ ಹೆಚ್ಚಿನ ಲಾಭವಿಲ್ಲ ಎಂಬ ಅವರ ತೀರ್ಮಾನ ಆಗ ದೊಡ್ಡ ಗದ್ದಲ ಎಬ್ಬಿಸಿತು. ನನಗೆ ಅದಕ್ಕಿಂತ ಸ್ವಾರಸ್ಯವಾಗಿ ಕಾಣುವುದು ಅವರ ಮೊದಲ ಸುತ್ತು. ಬಿಡಿ ಪದಗಳ ಪರೀಕ್ಷೆಯಲ್ಲಿ ಕೆಲವು ತರಗತಿಗಳ ಅಂಕ ವಿಪರೀತ ಹೆಚ್ಚಿತ್ತು. ವಿಚಾರಿಸಿದರೆ, ಶಿಕ್ಷಕರು ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಉಚ್ಚರಿಸಿ ಉತ್ತರವನ್ನು ಬಾಯಲ್ಲೇ ಕೊಟ್ಟುಬಿಟ್ಟಿದ್ದರು. ರೈಸ್ ಆಮೇಲೆ ವಾಕ್ಯ ಮತ್ತು ಸ್ವಂತ ಬರಹದ ಪರೀಕ್ಷೆಗೆ ತಿರುಗಿದರು.

‘ಭ್‌ಹೂಮಿ’ ಎಂದು ಎದೆಯುಬ್ಬಿಸಿ ಹೇಳುವ ನಾವೂ ಅದನ್ನೇ ಮಾಡುತ್ತೇವೆ. ಪಾಠ ಮಾಡುವಾಗ ಹಾಗೆ ಹೇಳಿ, ಅಳೆಯುವಾಗ ಸಹಜವಾಗಿ ಹೇಳಿ: ಒಮ್ಮೆ ಪದ, ಒಮ್ಮೆ ಒಂದು ವಾಕ್ಯದಲ್ಲಿ ಇಟ್ಟು, ಮತ್ತೊಮ್ಮೆ ಪದ. ಅದಕ್ಕಿಂತ ಹೆಚ್ಚು ಬೇಡ. ಬರೆಯುವ ಮೊದಲು ಮಕ್ಕಳಿಂದ ಪದವನ್ನು ಒಂದು ಸಲ ಹೇಳಿಸಿದರೆ ತಪ್ಪು ಕೇಳಿಸಿಕೊಂಡದ್ದು ಅಲ್ಲೇ ಬಯಲಾಗುತ್ತದೆ. ಮನೆಮಾತಿನ ಹಕಾರ, ಳಕಾರಗಳ ಸುಳಿವೂ ಸಿಗುತ್ತದೆ.

ಯಾವ ಸಂದರ್ಭಕ್ಕೆ ಯಾವುದು

ಹೊಸ ತರಗತಿ, ಮಕ್ಕಳ ಪರಿಚಯವಿಲ್ಲ ಎಂದಾದರೆ ಮೊದಲ ವಾರವೇ ಮುಂಚೆ ತಿಳಿಸದ ಪದಪಟ್ಟಿ ಮತ್ತು ಗೀಟಿನ ಕೋಷ್ಟಕ. ಅದೇ ಪಟ್ಟಿಯನ್ನು ಎತ್ತಿಟ್ಟು ವರ್ಷದ ಮಧ್ಯೆ, ಕೊನೆಗೆ ಮತ್ತೆ ಬಳಸಬಹುದು, ನಡುವೆ ಆ ಪದಗಳನ್ನು ಬಾಯಿಪಾಠ ಮಾಡಿಸದಿದ್ದರೆ. ತಿಂಗಳಿಗೊಮ್ಮೆ ಸ್ವಂತ ಬರಹದ ಒಂದು ಪುಟವನ್ನು ಪ್ರತಿ ಮಗುವಿನ ಫೈಲಿನಲ್ಲಿ ದಿನಾಂಕ ಹಾಕಿ ಇಡಿ. ಇದೆರಡೇ ಆದರೂ ಹೆಚ್ಚಿನ ತರಗತಿಗಳಿಗೆ ಸಾಕು ಎಂದು ನನ್ನ ಅಭಿಪ್ರಾಯ. ಒಂದನೇ ತರಗತಿಯ ಮೊದಲ ತಿಂಗಳುಗಳಲ್ಲಿ ಪಟ್ಟಿಯೂ ಬೇಡ. ಮಗು ತನಗೆ ತೋಚಿದಂತೆ ಚಿತ್ರದ ಕೆಳಗೆ ಬರೆದ ಎರಡು ಪದಗಳೇ ಬೇಕಾದಷ್ಟು ಹೇಳುತ್ತವೆ.

ದೊಡ್ಡ ಸಂಖ್ಯೆಯಲ್ಲಿ ಶಾಲೆ ಶಾಲೆಗಳನ್ನು ಹೋಲಿಸಬೇಕಾದವರು ವಾಕ್ಯದ ಉಕ್ತಲೇಖನ ಬಳಸಲಿ, ಧ್ವನಿಮುದ್ರಣದಿಂದ ಕೇಳಿಸಿದರೆ ಹೇಳುವವರ ಬಾಯಿಯ ಸಮಸ್ಯೆಯೂ ತಪ್ಪುತ್ತದೆ. ಆಯ್ಕೆ ಪ್ರಶ್ನೆಗಳನ್ನು ಸಮಯದ ಒತ್ತಡಕ್ಕೆ ಸೋತು ಆರಿಸಿಕೊಳ್ಳುವುದಾದರೆ, ಅದರ ಫಲಿತಾಂಶವನ್ನು ‘ಓದುವಾಗ ಗುರುತಿಸಬಲ್ಲರು’ ಎಂದಷ್ಟೇ ವರದಿಯಲ್ಲಿ ಬರೆಯಿರಿ.

ತಂದೆತಾಯಿಗೆ ಹೇಳುವಾಗ ಅಂಕಕ್ಕಿಂತ ಬಗೆ ಹೇಳುವುದು ಮೇಲು. ‘ಹತ್ತಕ್ಕೆ ನಾಲ್ಕು’ ಎಂದರೆ ಮನೆಯಲ್ಲಿ ಬೈಗುಳ. ‘ದೀರ್ಘ, ಒತ್ತು ಗಟ್ಟಿಯಾಗಿವೆ, ಮಹಾಪ್ರಾಣದ ಪದಗಳು ತಪ್ಪುತ್ತಿವೆ, ಕಥೆಪುಸ್ತಕ ಓದಿಸಿ’ ಎಂದರೆ ಮನೆಯವರಿಗೂ ಮಾಡಲು ಒಂದು ಕೆಲಸ ಸಿಕ್ಕಿತು.

ಕೋಷ್ಟಕದಲ್ಲಿ ತಿಂಗಳುಗಟ್ಟಲೆ ಒಂದೇ ಸಾಲು ತುಂಬಿಯೇ ಉಳಿದರೆ, ಆ ಮಗುವಿನ ಓದನ್ನೂ ಬೇರೆಯಾಗಿ ನೋಡಬೇಕು. ಓದು, ಬರಹ ಎರಡೂ ತೊಡಕಾಗಿದ್ದರೆ ಮೊದಲು ಕಿವಿ, ಕಣ್ಣಿನ ತಪಾಸಣೆ, ಆಮೇಲೆ ಡಿಸ್‌ಲೆಕ್ಸಿಯಾದಂಥ ಕಲಿಕಾ ತೊಂದರೆಗಳನ್ನು ಬಲ್ಲವರ ಸಲಹೆ. ಓದು ಸರಾಗವಾಗಿದ್ದು ಬರಹ ಮಾತ್ರ ಹಿಂದುಳಿದ ಮಕ್ಕಳೂ ಇದ್ದಾರೆ. ಮನಶ್ಶಾಸ್ತ್ರಜ್ಞೆ ಊಟಾ ಫ್ರಿತ್ 1980ರಲ್ಲೇ ಈ ಗುಂಪನ್ನು ಬೇರೆಯಾಗಿ ಗುರುತಿಸಿ ಅಧ್ಯಯನ ಮಾಡಿದ್ದರು. ಚೆನ್ನಾಗಿ ಓದುತ್ತಾನಲ್ಲ, ಬರೆಯಲು ಸೋಮಾರಿತನ ಎಂದು ಅವರನ್ನು ತಳ್ಳಿಹಾಕುವುದು ಸುಲಭ. ಯಾರಲ್ಲಿಗೆ ಕಳಿಸಿದರೂ ಅಂಕಪಟ್ಟಿಯ ಬದಲು ಮಗುವೇ ಬರೆದ ಎರಡು ಮೂಲ ಹಾಳೆಗಳನ್ನು, ತಿದ್ದದೆ, ಜೊತೆಗಿಟ್ಟು ಕಳಿಸಿ.